ಜಾಗವಿಲ್ಲವೆಂದು ಹೊಡೆದುಹಾಕಿದ ಒಂಬತ್ತು ಪದಗಳು

ಆರೋಗ್ಯ ಪ್ರಚಾರ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಕಳೆದ ವರ್ಷ ತಮ್ಮ ಕಚೇರಿ ಸ್ತನ ಕ್ಯಾನ್ಸರ್ ಬಗ್ಗೆ ಹೊರತಂದ ಗುಲಾಬಿ ಬಣ್ಣದ ಕರಪತ್ರದಿಂದ ತಾವು ಒಂದು ಸಾಲನ್ನು ತೆಗೆಸಿದಿರಿ. ‘ಇದು ಗಂಡಸರಿಗೂ ಬರುತ್ತದೆ, ಎದೆಯಲ್ಲಿ ಗಂಟು ಕಂಡರೆ ಅವರೂ ವೈದ್ಯರಿಗೆ ತೋರಿಸಬೇಕು.’ ಲೆಕ್ಕ ಹಾಕಿದರೆ ಒಂಬತ್ತು ಪದ. ಅದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸ್ವಹಸ್ತದಿಂದ ‘ಜಾಗವಿಲ್ಲ’ ಎಂದು ಬರೆದು, ಸಹಿಯನ್ನೂ ಮಾಡಿದ್ದೀರಿ. ನನ್ನ ಅಣ್ಣನಿಗೆ ಸ್ತನ ಕ್ಯಾನ್ಸರ್ ಆಗಿದೆ. ಈಗ ಬೆನ್ನುಮೂಳೆಯವರೆಗೂ ಹೋಗಿದೆ. ಹೌದು, ಅಣ್ಣನಿಗೇ. ತಾವು ಓದಿದ್ದು ಸರಿಯಾಗಿದೆ, ಅಚ್ಚಿನ ತಪ್ಪಲ್ಲ.

ತಾವು ಗೆರೆ ಎಳೆದದ್ದರಿಂದ ಅವನಿಗೆ ರೋಗ ಬಂತು ಎನ್ನುವಷ್ಟು ತಲೆಕೆಟ್ಟವಳು ನಾನಲ್ಲ. ಬರುವುದು ಆಗಲೇ ಬಂದಿತ್ತು. ಗೊತ್ತಾಗಬಹುದಾಗಿದ್ದ ದಿನಕ್ಕೂ ಗೊತ್ತಾದ ದಿನಕ್ಕೂ ನಡುವೆ ಏಳು ತಿಂಗಳು ಹೋಯಿತಲ್ಲ, ನನ್ನ ತಕರಾರು ಅದರದ್ದು. ಈ ಬಗ್ಗೆ ತಮಗೆ ಎರಡು ಪತ್ರ ಬರೆದೆ. ಒಂದಕ್ಕೆ ಉತ್ತರ ಬರಲಿಲ್ಲ. ಇನ್ನೊಂದಕ್ಕೆ ಬಂತು, ಬಾರದಿದ್ದರೇ ಚೆನ್ನಾಗಿತ್ತು. ಅಂಟಿಸಿದ ಲಕೋಟೆಯನ್ನು ತಾವು ಓದುವುದಿಲ್ಲವೆಂದು ಮನದಟ್ಟಾದ ಮೇಲೆ, ಊರವರಾದರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಲಾಂಡ್ರಿ ನಡೆಸುವವಳು. ಮೂವತ್ತೊಂದು ವರ್ಷದಿಂದ ಒಂದೇ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ, ಜನರ ಬಟ್ಟೆಯ ಕಲೆ ತೆಗೆದುಕೊಂಡು ಬದುಕಿದ್ದೇನೆ. ಚಹಾ, ತುಕ್ಕು, ಗ್ರೀಸು, ಲಿಪ್‌ಸ್ಟಿಕ್ಕು, ಇಂಕು, ರಕ್ತ. ಕಲೆ ನೋಡಿದ ಕೂಡಲೇ ಅದು ಎಲ್ಲಿ ಹತ್ತಿತು, ಮನೆಯಲ್ಲಿ ಏನು ಸುಳ್ಳು ಹೇಳಿದ್ದಾರೆ ಎಂಬುದೆಲ್ಲ ನನಗೆ ಗೊತ್ತಾಗುತ್ತದೆಂದು ಗಿರಾಕಿಗಳು ತಮಾಷೆ ಮಾಡುತ್ತಾರೆ. ಅಣ್ಣ ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ಮಗಳ ಜೊತೆ ಇದ್ದಾನೆ. ಅತ್ತಿಗೆ ತೀರಿಕೊಂಡು ಹನ್ನೊಂದು ವರ್ಷ. ಅವನದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ತಮ್ಮ ಕಚೇರಿಯ ಕರಪತ್ರ, ಭಿತ್ತಿಪತ್ರ, ವಾರ್ಷಿಕ ವರದಿ ಎಲ್ಲ ಅಚ್ಚಾಗುವುದು ಅಲ್ಲಿಯೇ. ಅಂದರೆ ತಾವು ಒಮ್ಮೆಯೂ ಕಾಣದ ಈ ಮನುಷ್ಯ ಎಷ್ಟೋ ವರ್ಷಗಳಿಂದ ತಮ್ಮ ಇಲಾಖೆಯ ಮರ್ಯಾದೆ ಕಾಯುತ್ತ ಬಂದಿದ್ದಾನೆ.

ಕರಡು ತಿದ್ದುವವರಲ್ಲಿ ಒಂದು ಕಟ್ಟಳೆ ಇದೆ: ಅರ್ಥ ಓದಬಾರದು. ಅಣ್ಣನಿಗೆ ಕೆಲಸ ಕಲಿಸಿದ ಹಿರಿಯರು, “ಕಥೆಗೆ ಮನಸ್ಸು ಕೊಟ್ಯೋ, ಕಾಗುಣಿತ ಕೈತಪ್ಪಿ ಹೋಯ್ತು ಅಂತ ತಿಳ್ಕೋ” ಎಂದು ಹೇಳಿ, ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದನ್ನು ಅಭ್ಯಾಸ ಮಾಡಿಸಿದ್ದರಂತೆ. ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟುಕೊಂಡು, ಒಂದೊಂದೇ ಅಕ್ಷರ, ಕೆಳಗಿನಿಂದ ಮೇಲಕ್ಕೆ. ಅದರಲ್ಲಿ ಅವನು ಎಷ್ಟು ಪಳಗಿಬಿಟ್ಟನೆಂದರೆ, ಒಮ್ಮೆ ತನ್ನ ಗೆಳೆಯನ ಮದುವೆಯ ಕರೆಯೋಲೆಯನ್ನೇ ತಿದ್ದಿಕೊಟ್ಟು ಬಂದು “ಅವನ ಮದುವೆ ಯಾವತ್ತೇ?” ಎಂದು ನನ್ನನ್ನು ಕೇಳಿದ ಮಹಾಶಯ. ಆ ಕಥೆ ಹೇಳಿಕೊಂಡು ವರ್ಷಗಟ್ಟಲೆ ನಕ್ಕಿದ್ದೇವೆ.

ಇಂಥವನ ಮೇಜಿಗೆ ತಮ್ಮ ಕರಪತ್ರ ಬಂತು. ಅದರಲ್ಲಿ ಎಲ್ಲವೂ ಇತ್ತು. ನೋವಿಲ್ಲದ ಗಂಟು, ಒಳಕ್ಕೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ಒಸರುವ ದ್ರವ, ಸುಕ್ಕುಗಟ್ಟಿದ ಚರ್ಮ, ಕಂಕುಳಲ್ಲಿ ಊತ. ಆ ಹೊತ್ತಿಗೆ ಇವುಗಳಲ್ಲಿ ಮೊದಲಿನ ಎರಡು ಅಣ್ಣನ ಎಡ ಎದೆಯಲ್ಲಿ ಆಗಲೇ ಇದ್ದವು. ಗಂಟು ಅವನ ಕೈಗೂ ಸಿಕ್ಕಿತ್ತು. ಕರಡು ತಿದ್ದುವವರು ದಿನವಿಡೀ ಮೇಜಿನ ಅಂಚಿಗೆ ಎದೆ ಒತ್ತಿಕೊಂಡು ಬಾಗಿ ಕೂರುತ್ತಾರೆ. ಅಂಚು ಒತ್ತಿ ಒತ್ತಿ ಜಡ್ಡುಗಟ್ಟಿದೆ ಎಂದುಕೊಂಡಿದ್ದ. ಕರಪತ್ರದಲ್ಲಿದ್ದ ‘ಅಕ್ಕ ತಂಗಿಯರೇ, ತಾಯಂದಿರೇ’ ಎಂಬ ಸಂಬೋಧನೆಯಲ್ಲಿ ಅವನು ಯಾರು? ಅಕ್ಷರ ತಿದ್ದಿದ, ಕಳಿಸಿದ. ತಾವು ಹೊಡೆದುಹಾಕಿದ ಸಾಲಿನೊಂದಿಗೆ ಕರಡು ತಿರುಗಿ ಬಂತು. ಗಣ್ಯರೊಬ್ಬರ ಶುಭಸಂದೇಶ ಬಂದಿತ್ತಂತೆ, ಅವರ ಭಾವಚಿತ್ರ ಸ್ವಲ್ಪ ದೊಡ್ಡದಾಗಬೇಕಿತ್ತಂತೆ. ತಮ್ಮ ಆಜ್ಞೆಯಂತೆ ಅಣ್ಣ ಆ ಸಾಲಿಗೆ ತೆಗೆಯುವ ಗುರುತು ಹಾಕಿದ. ತನ್ನದೇ ಕೆಂಪು ಪೆನ್ನಿನಿಂದ ಹಾಕಿದ.

ಹದಿನೈದು ದಿನಕ್ಕೆ ಶಾಲೆಯ ಸಭಾಂಗಣದಲ್ಲಿ ತಮ್ಮ ತಪಾಸಣಾ ಶಿಬಿರ ನಡೆಯಿತು. ನಾನು ಹೆದರಿಕೊಂಡಿದ್ದೆ, ಹಾಗಾಗಿ ಅಣ್ಣ ರಜೆ ಹಾಕಿ ಜೊತೆಗೆ ಬಂದ. ‘ಪುರುಷರು ಹೊರಗೆ ಕಾಯತಕ್ಕದ್ದು’ ಎಂಬ ಫಲಕದ ಕೆಳಗಿನ ಬೆಂಚಿನಲ್ಲಿ ನನ್ನ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಮೂರು ಗಂಟೆ ಕೂತಿದ್ದ. ಒಳಗೆ ನಮಗೆ ರಬ್ಬರಿನ ಎದೆಯೊಂದನ್ನು ಕೊಟ್ಟು, ಅದರಲ್ಲಿ ಗಂಟುಗಳನ್ನು ಅಡಗಿಸಿದ್ದೇವೆ, ಬೆರಳಿನಿಂದ ಹುಡುಕಿ ಎಂದರು. ಮೂರನ್ನೂ ಹುಡುಕಿದವಳು ನಾನೊಬ್ಬಳೇ. “ನಿಮ್ಮ ಕೈ ಬಹಳ ಚುರುಕು ಕಣ್ರೀ” ಎಂದರು ನರ್ಸಮ್ಮ. ನನಗೆ ಏನೂ ಇಲ್ಲವೆಂದು ಹೇಳಿ, ಗುಲಾಬಿ ರಿಬ್ಬನ್ನಿನ ಪಿನ್ನೊಂದನ್ನು ಕೊಟ್ಟು ಕಳಿಸಿದರು. ಹೊರಗೆ ಬಂದವಳೇ ಅದನ್ನು ಅಣ್ಣನ ಅಂಗಿಗೆ ಸಿಕ್ಕಿಸಿ, “ತಗೋ, ನಿಂಗೂ ಒಂದು ಇರ್ಲಿ” ಎಂದೆ. ಎಡಗಡೆಗೇ ಸಿಕ್ಕಿಸಿದೆ. ಅವನು ಅದನ್ನು ಹಾಕಿಕೊಂಡೇ ಅಚ್ಚುಕೂಟಕ್ಕೆ ಹೋಗಿ ಎಲ್ಲರನ್ನೂ ನಗಿಸಿದನಂತೆ.

ಇನ್ನು ಕಲೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ಶಿಬಿರ ಆಗಿ ಮೂರು ತಿಂಗಳಿಗೆ ಅಣ್ಣನ ಬನಿಯನ್ನುಗಳ ಎಡಭಾಗದಲ್ಲಿ ಅಂಗಿಯ ಗುಂಡಿಯಷ್ಟಗಲದ ಕೆಂಗಂದು ಕಲೆ ಕಾಣತೊಡಗಿತು. ಅವನ ಎಡ ಜೇಬಿನಲ್ಲಿ ಸದಾ ಕೆಂಪು ಇಂಕಿನ ಪೆನ್ನು. ನನಗೆ ಸಂಶಯವೇ ಬರಲಿಲ್ಲ. “ಏನಣ್ಣ, ಪೆನ್ನಿಗೊಂದು ಮುಚ್ಚಳ ಸರಿಯಾಗಿ ಹಾಕೋಕೆ ಏನು ರೋಗ ನಿಂಗೆ?” ಎಂದು ಮೆಟ್ಟಿಲ ಕೆಳಗಿನಿಂದಲೇ ಕೂಗಿದೆ. “ಹೊಸ ಪೆನ್ನು ತಗೋತೀನಿ ಬಿಡೇ” ಎಂದ ಮೇಲಿನಿಂದ. ಇಂಕಿಗೆ ಸ್ಪಿರಿಟ್ ಹಚ್ಚಬೇಕು, ಹಚ್ಚಿದೆ. ಜಗ್ಗಲಿಲ್ಲ. ಆಮೇಲೆ ಉಪ್ಪು ಹಾಕಿದ ತಣ್ಣೀರಿನಲ್ಲಿ ನೆನೆಸಿದೆ, ಸಲೀಸಾಗಿ ಬಿಟ್ಟಿತು. ಉಪ್ಪಿನ ತಣ್ಣೀರಿಗೆ ಬಿಡುವ ಕಲೆ ಯಾವುದೆಂದು ಈ ಕಸುಬಿಗೆ ನಿನ್ನೆ ಬಂದವರೂ ಹೇಳುತ್ತಾರೆ. ಅದು ರಕ್ತ. ಎರಡೂವರೆ ತಿಂಗಳು, ವಾರಕ್ಕೆ ಮೂರು ಬನಿಯನ್ನು, ನನ್ನ ಕೈಗೆ ಅದು ಗೊತ್ತಿತ್ತು, ತಲೆಗೆ ಗೊತ್ತಾಗಲಿಲ್ಲ. ಇನ್ನೂ ಒಂದು ಇದೆ. ಜೇಬಿನ ಇಂಕು ಸೋರಿದರೆ ಮೊದಲು ಹತ್ತಬೇಕಾದ್ದು ಅಂಗಿಗೆ. ಅಂಗಿಗಳು ಒಂದೂ ಕಲೆಯಾಗಿರಲಿಲ್ಲ. ಕಲೆ ಬರುತ್ತಿದ್ದದ್ದು ಒಳಗಿನಿಂದ. ಬೇರೆ ಯಾವ ಗಿರಾಕಿಯ ಬಟ್ಟೆಯಾಗಿದ್ದರೂ ಒಂದೇ ನೋಟಕ್ಕೆ ಹಿಡಿಯುತ್ತಿದ್ದೆ.

ಒಂದು ದಿನ ಅಚ್ಚುಕೂಟದಲ್ಲಿ ಕಪಾಟಿನ ಮೇಲಿನ ಕಾಗದದ ಕಟ್ಟು ಇಳಿಸಲು ಎಡಗೈ ಎತ್ತಿದವನಿಗೆ ಕೈ ಮೇಲಕ್ಕೆ ಹೋಗಲಿಲ್ಲ. ಮನೆಗೆ ಕಳಿಸಿದರು. ಮಗಳು ಅಂಗಿ ಬಿಚ್ಚಿಸಿ ನೋಡಿದಳು, ನೋಡಿ ನನ್ನನ್ನು ಕೂಗಿದಳು. ಅವಳು ಕೂಗಿದ ರೀತಿಗೆ ನಾನು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು ಓಡಿದೆ. ಬೀದಿಯ ಕೊನೆಯ ಡಾಕ್ಟರು, “ಗಂಡಸರಿಗೆ ಅಲ್ಲೇನ್ರೀ ಆಗುತ್ತೆ? ಬೆವರಿನ ಹುಣ್ಣು, ಮುಲಾಮು ಹಚ್ಚಿ” ಎಂದರು. ಮೂರು ವಾರ ಹಚ್ಚಿದೆವು. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ನಮಗೆ ಎದೆಯ ಹುಣ್ಣು ಎದುರಿಗಿದ್ದರೂ ಕಾಣಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಗೆ ಹೋದೆವು. ಸ್ತನ ವಿಭಾಗದ ಚೀಟಿಯಲ್ಲಿ ಅವನ ಹೆಸರಿನ ಹಿಂದೆ ‘ಶ್ರೀಮತಿ’ ಎಂದು ತಾನಾಗಿಯೇ ಮುದ್ರಿತವಾಗಿ ಬಂತು. ಅಣ್ಣ ಕಿಟಕಿಗೆ ಬಾಗಿ, “ಇದೊಂದು ತಪ್ಪಿದೆ, ತಿದ್ದಿ ಕೊಡ್ತೀರಾ?” ಎಂದ. “ಆಗಲ್ಲ ಸರ್, ಈ ವಿಭಾಗಕ್ಕೆ ಬೇರೆ ಹಾಕಿದ್ರೆ ಕಂಪ್ಯೂಟರ್ ತಗೊಳ್ಳಲ್ಲ” ಎಂದರು ಒಳಗಿದ್ದವರು. ಧ್ವನಿವರ್ಧಕದಲ್ಲಿ ‘ಶ್ರೀಮತಿ’ ಎಂದು ಕರೆದಾಗ ನಲವತ್ತು ಹೆಂಗಸರ ನಡುವೆ ಒಬ್ಬ ಗಂಡಸು ಎದ್ದು ನಿಂತ. ಯಾರೂ ನಗಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಅಜ್ಜಿಯೊಬ್ಬರು ಮಾತ್ರ, “ಹೋಗಿ ಬಾಪ್ಪಾ, ನಿನ್ನ ಜಾಗ ನಾನು ಹಿಡಿದಿರ್ತೀನಿ” ಎಂದರು. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಆಗ ಅತ್ತುಬಿಟ್ಟೆ.

ಅಲ್ಲಿನ ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಈ ರೋಗ ಬರುವ ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರು ಗಂಡಸರು. ಗಂಡಸರಿಗೂ ಅಲ್ಲಿ ಅದೇ ಅಂಗಾಂಶ ಸ್ವಲ್ಪವಾದರೂ ಇರುತ್ತದೆ. ವಯಸ್ಸಾದಂತೆ ಅಪಾಯ ಹೆಚ್ಚು, ಮನೆತನದಲ್ಲಿ ಇದ್ದರೆ ಇನ್ನೂ ಹೆಚ್ಚು. ಗಂಟೆಲ್ಲ ಕ್ಯಾನ್ಸರ್ ಅಲ್ಲ, ಆದರೆ ತೋರಿಸದೆ ಯಾವುದು ಏನು ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಾನು ಕೇಳಬಾರದ್ದನ್ನು ಕೇಳಿದೆ: “ಏಳು ತಿಂಗಳ ಮುಂಚೆ ಬಂದಿದ್ರೆ?” ಅವರು ಪೆನ್ನು ಕೆಳಗಿಟ್ಟು, “ಖಂಡಿತವಾಗಿ ಹೇಳೋಕಾಗಲ್ಲ. ಆದ್ರೆ ಬೇಗ ಬಂದಷ್ಟೂ ನಮ್ಮ ಕೈಲಿ ಮಾಡೋಕೆ ಹೆಚ್ಚು ಇರುತ್ತೆ” ಎಂದರು. ಒಳ್ಳೆಯವರು. ಸುಳ್ಳೂ ಹೇಳಲಿಲ್ಲ, ಚುಚ್ಚಲೂ ಇಲ್ಲ.

ತಮ್ಮ ಆ ಅಡ್ಡಗೆರೆ ನನ್ನ ಕೈಗೆ ಸಿಕ್ಕಿದ್ದು ಆಮೇಲೆ. ಅಚ್ಚುಕೂಟದ ಹಳೆಯ ಕರಡುಗಳನ್ನು ಅಣ್ಣ ಮನೆಗೆ ತರುತ್ತಾನೆ, ನಾನು ಇಸ್ತ್ರಿ ಮಾಡಿದ ಬಟ್ಟೆ ಸುತ್ತಲು ಬಳಸುತ್ತೇನೆ. ಯಾರದೋ ಅಂಗಿ ಸುತ್ತಲು ಹಾಳೆ ಎಳೆದರೆ ಗುಲಾಬಿ ಕರಪತ್ರದ ಕರಡು, ಅದರಲ್ಲಿ ಆ ಸಾಲು, ತಮ್ಮ ‘ಜಾಗವಿಲ್ಲ’. ಇಂಥ ಹಾಳೆಯಲ್ಲಿ ಎಷ್ಟು ಗಂಡಸರ ಅಂಗಿ ಸುತ್ತಿ ಕಳಿಸಿದ್ದೆನೋ! ಮೇಲಕ್ಕೆ ಹೋಗಿ ಅಣ್ಣನ ಮುಂದೆ ಹಿಡಿದೆ.

“ಇದನ್ನ ನೀನು ಓದಿರ್ಲಿಲ್ವಾ?”

“ನಾಲ್ಕು ಸಲ ಓದಿದೀನಿ.”

“ಮತ್ತೆ?”

ಅವನು ಆ ಸಾಲಿನ ಮೇಲೆ ಬೆರಳಾಡಿಸಿದ. “ಓದಿದ್ದು ಅಕ್ಷರ ಕಣೇ” ಎಂದ. “ಒಂದೂ ತಪ್ಪಿರ್ಲಿಲ್ಲ.”

ಈಗ ತಾವು ಕುರ್ಚಿಯಲ್ಲಿ ಹಿಂದಕ್ಕೊರಗಿ, ಹಾಗಾದರೆ ರೋಗಿಯೇ ನಾಲ್ಕು ಸಲ ಓದಿದ್ದಾನಲ್ಲ, ನಮ್ಮ ತಪ್ಪೇನು ಬಂತು ಎನ್ನಬಹುದು. ಸ್ವಾಮಿ, ಅವನು ಓದದೇ ಹೋದದ್ದು ಅವನ ಕಸುಬಿನ ಗ್ರಹಚಾರ. ಕರಪತ್ರ ಅಚ್ಚು ಹಾಕಿಸುವುದು ಕರಡು ತಿದ್ದುವವನಿಗಾಗಿ ಅಲ್ಲವಲ್ಲ? ಅದು ನನ್ನಂಥವಳಿಗೆ. ನಾನು ಅದನ್ನು ಶಿಬಿರದ ಸಾಲಿನಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದೆ. ಗಣ್ಯರ ಶುಭಸಂದೇಶವನ್ನೂ ಬಿಡಲಿಲ್ಲ, ಈಗಲೂ ಬಾಯಿಪಾಠ ಬರುತ್ತದೆ. ಅದರಲ್ಲಿ ಆ ಒಂಬತ್ತು ಪದ ಇದ್ದಿದ್ದರೆ, ಬನಿಯನ್ನು ಉಪ್ಪುನೀರಿಗೆ ಕಲೆ ಬಿಟ್ಟ ದಿನ ನನಗೆ ನೆನಪಾಗುತ್ತಿತ್ತು. ಆಗುತ್ತಿತ್ತು ಎಂದೇ ನಾನು ನಂಬಿದ್ದೇನೆ. ಆಗುತ್ತಿರಲಿಲ್ಲ ಎಂದಾದರೆ ತಪ್ಪೆಲ್ಲ ನನ್ನ ತಲೆಗೇ ಬರುತ್ತದೆ, ಅದನ್ನು ಹೊರುವ ಶಕ್ತಿ ನನಗಿಲ್ಲ. ಹೀಗೆ ನೇರವಾಗಿ ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ತಮ್ಮ ಕಚೇರಿಯಿಂದ ಬಂದ ಉತ್ತರದಲ್ಲಿ ಮೂರು ಅಮೂಲ್ಯ ವಾಕ್ಯಗಳಿದ್ದವು. ಪುರುಷರಲ್ಲಿ ಈ ಕಾಯಿಲೆಯ ಪ್ರಮಾಣ ಅತ್ಯಲ್ಪವಾಗಿರುತ್ತದೆ. ಪುರುಷರ ಉಲ್ಲೇಖದಿಂದ ಮಹಿಳಾ ಜಾಗೃತಿಯ ಸಂದೇಶ ದುರ್ಬಲವಾಗುವ ಸಂಭವವಿದೆ. ತಮ್ಮ ಸಲಹೆಯನ್ನು ಗಮನದಲ್ಲಿಟ್ಟುಕೊಳ್ಳಲಾಗುವುದು. ಅತ್ಯಲ್ಪ! ನೂರಕ್ಕೆ ಒಬ್ಬ ಎಂದರೆ ತಮ್ಮ ಲೆಕ್ಕಪಟ್ಟಿಯಲ್ಲಿ ಅತ್ಯಲ್ಪವೇ ಇರಬಹುದು, ನಮ್ಮ ಮನೆಯಲ್ಲಿ ಅವನು ಒಬ್ಬನೇ ಅಣ್ಣ. ಹೆಂಗಸರ ಪಾಲಿನಿಂದ ಒಂದಕ್ಷರವನ್ನೂ ಕಿತ್ತುಕೊಡಿ ಎಂದು ನಾನು ಕೇಳಿಲ್ಲ. ಅವರಿಗೇ ಈ ಊರಿನಲ್ಲಿ ಸಿಗಬೇಕಾದ್ದು ಸಿಗುತ್ತಿಲ್ಲ. ಅಮ್ಮನಿಗೆ, ಅಕ್ಕನಿಗೆ ಇರಲಿಲ್ಲ, ಹಾಗಾಗಿ ನಮಗೆ ಬರುವುದಿಲ್ಲ ಎಂದುಕೊಂಡು ಆರಾಮಾಗಿದ್ದ ಎಷ್ಟು ಹೆಂಗಸರನ್ನು ಆ ಕಾಯುವ ಕೋಣೆಯಲ್ಲಿ ಕಂಡೆ! ಬರುವವರಲ್ಲಿ ಹೆಚ್ಚಿನವರ ಮನೆತನದಲ್ಲಿ ಇದು ಮೊದಲು ಇರುವುದೇ ಇಲ್ಲವಂತೆ. ಇದನ್ನಾದರೂ ದೊಡ್ಡಕ್ಷರದಲ್ಲಿ ಹಾಕಿಸಬಹುದಿತ್ತಲ್ಲ? ಜಾಗ ಇರಲಿಲ್ಲವೇ? ಗಣ್ಯರ ಹಲ್ಲು ಮೂವತ್ತೆರಡೂ ಕಾಣುವಷ್ಟು ಜಾಗ ಹೇಗೆ ಸಿಕ್ಕಿತು?

ಗಂಡಸರ ಪಾಲಿನ ತಪ್ಪನ್ನೂ ಮುಚ್ಚಿಡುವುದಿಲ್ಲ. ಎದೆಯಲ್ಲಿ ಗಂಟಿದೆ ಎಂದು ಹೇಳಿಕೊಳ್ಳಲು ಅವಕ್ಕೆ ಜೀವ ಹೋದಷ್ಟು ನಾಚಿಕೆ. ಅಣ್ಣನ ಕಾಯಿಲೆ ಏನೆಂದು ಕೇಳಿದವರಿಗೆ ಅಚ್ಚುಕೂಟದಲ್ಲಿ ‘ಬೆನ್ನು ನೋವು’ ಎಂದೇ ಹೇಳುತ್ತಿದ್ದರು. ಬೀಗ ರಿಪೇರಿಯವನಿಗೆ ನಾನು ನಿಜ ಹೇಳಿದೆ. ಅವನು ಮೊದಲು ನಕ್ಕ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ, ಆಮೇಲೆ ಅಂಗಡಿಯ ಹಿಂದೆ ಹೋಗಿ ತನ್ನ ಅಂಗಿಯೊಳಗೆ ಕೈ ಹಾಕಿ ನೋಡಿಕೊಂಡ. ಒಂದು ಮಾತಿಗೆ ಅಷ್ಟು ಕೆಲಸ ಆಯಿತು.

ಅಣ್ಣನ ಮಗಳ ವಿಷಯ ಹೇಳದೆ ಈ ಪತ್ರ ಮುಗಿಯುವುದಿಲ್ಲ. ಅವಳಿಗೆ ಇಪ್ಪತ್ತಾರು, ಪಕ್ಕದ ಕನ್ನಡಕದ ಅಂಗಡಿಯಲ್ಲಿ ಕೆಲಸ. ಇದಕ್ಕೆ ಕಾರಣವಾಗುವ ದೋಷ ಕೆಲವು ಮನೆತನಗಳಲ್ಲಿ ಅಪ್ಪನ ಕಡೆಯಿಂದಲೂ ಮಗಳಿಗೆ ಇಳಿಯಬಹುದು, ಮೊದಲು ಅಪ್ಪನ ರಕ್ತ ಪರೀಕ್ಷೆ ಮಾಡಿಸೋಣ, ನೀನೂ ಹೆಸರು ಬರೆಸಿಕೋ ಎಂದು ಡಾಕ್ಟರಮ್ಮ ಹೇಳಿದರು. ಅವಳು ಹೋಗಿ ತಮ್ಮ ಇಲಾಖೆಯ ನಮೂನೆ ತುಂಬಿಸಿದಳು. ‘ಕುಟುಂಬದಲ್ಲಿ ಯಾರಿಗಾದರೂ ಇದೆಯೇ? ತಾಯಿ, ಅಕ್ಕ, ತಂಗಿ, ಅಜ್ಜಿ.’ ಅವಳು “ನಮ್ಮಪ್ಪಂಗೆ” ಎಂದಳು. ಮೇಜಿನ ಆಚೆಗಿದ್ದಾಕೆ ಹಿಂದೆ ಮುಂದೆ ಹಾಳೆ ತಿರುಗಿಸಿ, “ಅಪ್ಪಂಗೆ ಕಾಲಂ ಇಲ್ವಲ್ಲಮ್ಮ. ‘ಇಲ್ಲ’ ಅಂತ ಹಾಕ್ತೀನಿ” ಎಂದು ಹಾಕಿಯೇಬಿಟ್ಟಳು. ಮನೆಗೆ ಬಂದ ಹುಡುಗಿ, “ಅತ್ತೆ, ಅಪ್ಪನಿಗೆ ಏನೂ ಆಗಿಲ್ವಂತೆ” ಎಂದು ನಗಲು ನೋಡಿದಳು, ಆಗಲಿಲ್ಲ. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಆ ದೋಷ ಇದ್ದರೆ ನನಗೂ ಇರಬಹುದು. ನನಗೆ ನನ್ನ ಚಿಂತೆಯಿಲ್ಲ, ಅವಳದ್ದೇ ಚಿಂತೆ.

ಈಗ ಅಣ್ಣನ ಬನಿಯನ್ನುಗಳನ್ನು ನಾನೇ ಬೇರೆಯಾಗಿ ಒಗೆಯುತ್ತೇನೆ. ಗಾಯಕ್ಕೆ ಉಜ್ಜದಿರಲೆಂದು ಹಳೆಯ, ಮೆತ್ತಗಾದವನ್ನೇ ಹಾಕುತ್ತೇವೆ. ಕಲೆ ಪೂರ್ತಿ ತೆಗೆಯಲು ಹೋಗುವುದಿಲ್ಲ. ತೆಗೆದು ಆಗಬೇಕಾದ್ದೇನು? ಔಷಧಿಯ ಹೊತ್ತು ನೆನಪಿಡುತ್ತೇನೆ, ದಿಂಬು ಸರಿಸುತ್ತೇನೆ, ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಇಷ್ಟು ವರ್ಷ ನನ್ನ ಕೈಯಲ್ಲಿ ಆಗದ್ದು ಇಲ್ಲ ಎಂದು ಜಂಭಪಟ್ಟವಳಿಗೆ ಈಗ ಕೈ ಕಟ್ಟಿಹಾಕಿದಂತಾಗಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಬಂದ ಆ ಬುದ್ಧಿಯನ್ನು ಎಲ್ಲಿಡಬೇಕೋ ತಿಳಿಯದೆ ತಮಗೆ ಬರೆಯುತ್ತಿದ್ದೇನೆ.

ಕಳೆದ ವಾರ ಅಚ್ಚುಕೂಟದ ಮಾಲೀಕರು ಅಣ್ಣನಿಗೆ ಬೇಸರ ಕಳೆಯಲೆಂದು ಒಂದು ಕರಡು ಕಳಿಸಿಕೊಟ್ಟರು. ಈ ವರ್ಷದ ಗುಲಾಬಿ ಕರಪತ್ರ. ಅದೇ ಒಕ್ಕಣೆ, ಅದೇ ಭಾವಚಿತ್ರ. ಆ ಸಾಲು ಈ ಸಲವೂ ಇಲ್ಲ. ಕರಡು ತಿದ್ದುವವನು ತನ್ನದೊಂದು ಪದವನ್ನೂ ಸೇರಿಸಬಾರದು, ಅದು ಅವರ ಇನ್ನೊಂದು ಕಟ್ಟಳೆ. ಇಷ್ಟು ವರ್ಷದಲ್ಲಿ ಅಣ್ಣ ಅದನ್ನು ಒಮ್ಮೆಯೂ ಮುರಿದವನಲ್ಲ. ಅವನು ದಿಂಬಿಗೊರಗಿ ಕೂತು, ಅಂಚಿನಲ್ಲಿ ಆ ಒಂಬತ್ತು ಪದಗಳನ್ನು ಬರೆದು ಸೇರಿಸುವ ಗುರುತು ಹಾಕಿದ. ಮುತ್ತಿನಂತಿದ್ದ ಅವನ ಅಕ್ಷರ ಈಗ ಸೊಟ್ಟಗಾಗಿದೆ. ಅದನ್ನು ನಾನೇ ಒಯ್ದು ಮಾಲೀಕರ ಕೈಗೆ ಕೊಟ್ಟೆ. “ನಿಮ್ಮ ಸಂಕಟ ನಂಗೆ ಗೊತ್ತಮ್ಮ. ಆದ್ರೆ ಮೂಲಪ್ರತಿಯಲ್ಲಿ ಇಲ್ದೇ ಇರೋದನ್ನ ನಾನು ಅಚ್ಚು ಹಾಕೋ ಹಾಗಿಲ್ಲ. ಪಕ್ಕದಲ್ಲಿ ಸಾಹೇಬ್ರ ಸಹಿ ಬೇಕು” ಎಂದರು. ಕರಡು ತಮ್ಮ ಮೇಜಿಗೆ ಬಂದಿದೆ. ಸೋಮವಾರ ಅಚ್ಚಿಗೆ ಹೋಗುತ್ತದೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ಅಂಚಿನಲ್ಲಿರುವ ಆ ಸೊಟ್ಟ ಅಕ್ಷರಗಳ ಪಕ್ಕ ತಮ್ಮ ಸಹಿ ಮಾಡಿ. ಹೊಡೆದುಹಾಕುವಾಗ ಎಷ್ಟು ಸಲೀಸಾಗಿ ಮಾಡಿದ್ದಿರೋ ಅಷ್ಟೇ ಸಲೀಸಾಗಿ ಮಾಡಿ. ನಮೂನೆಯಲ್ಲಿ ಅಪ್ಪನಿಗೂ ಅಣ್ಣತಮ್ಮಂದಿರಿಗೂ ಒಂದು ಕಾಲಂ ಹಾಕಿಸಿ. ಪರಿಹಾರ ಬೇಡ, ವಿಷಾದಪತ್ರ ಬೇಡ, ಯಾರ ಮೇಲೂ ಕ್ರಮ ಬೇಡ. ಅಣ್ಣನಿಗೆ ಇದರಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತು. ಅವನಿಗೂ ಗೊತ್ತು.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ಅವನ ಕೈಗಿಟ್ಟೆ, ಕೆಂಪು ಪೆನ್ನನ್ನೂ ಕೊಟ್ಟೆ. ಎಂದಿನಂತೆ ಕೊನೆಯ ಸಾಲಿನಿಂದ ಶುರು ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ‘ಮಾನ್ಯರೇ’ಯಿಂದ ಹಿಡಿದ. ನಿಧಾನವಾಗಿ ಓದಿದ, ಅಳತೆಪಟ್ಟಿ ಕೇಳಲಿಲ್ಲ, ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಮುಗಿಸಿ ಹಾಳೆಗಳನ್ನು ಎದೆಯ ಬಲಗಡೆಗೆ ಇಟ್ಟುಕೊಂಡು ಕಿಟಕಿಯ ಕಡೆ ನೋಡಿದ. “ಎಷ್ಟು ತಪ್ಪಿದೆ ಅಣ್ಣ?” ಎಂದು ಕೇಳಿದೆ. “ತಪ್ಪು ನೋಡ್ಲಿಲ್ಲ ಕಣೇ, ಓದ್ಬಿಟ್ಟೆ” ಎಂದ.

ಹಾಗಾಗಿ ಇದರಲ್ಲಿ ಅಕ್ಷರದೋಷಗಳು ಉಳಿದಿದ್ದರೆ ತಾವು ಮನ್ನಿಸಬೇಕು.

ಇಂತಿ,
ಒಂದು ಕಲೆಯನ್ನು ಗುರುತೂ ಸಿಗದಂತೆ ತೆಗೆದುಕೊಟ್ಟ
ಲಾಂಡ್ರಿಯವಳು